ಒಂದು ವರ್ಷ ಇರ್ತೀರಾ?

(ಬಾಗಲಕೋಟೆ ನವನಗರದಲ್ಲಿ, ಹುಡುಗರ ಜೊತೆ ಸ್ವಯಂಸೇವಕರಾಗಿ ಕೆಲಸ ಮಾಡಲು ಬಂದಿದ್ದ ಯುವಕ ಯುವತಿಯರ ಎದುರು ಆಡಿದ ಮಾತು ಇದು. ಬರೆಯುವಾಗ ಕೆಲವು ಅಂಕಿಗಳನ್ನು ಸೇರಿಸಿದ್ದೇನೆ, ಕೆಲವು ಜೋಕುಗಳನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಗಸ್ಟ್ 1 ಬಂತೆಂದರೆ ನಮ್ಮ ಕಡೆ ಶಾಲೆ ಕಾಲೇಜುಗಳಲ್ಲಿ ಏನು ನಡೆಯುತ್ತದೆ ಅಂತ ನಿಮಗೆಲ್ಲ ಗೊತ್ತು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಹುಟ್ಟಿದ ದಿನ, ವ್ಯಸನಮುಕ್ತ ದಿನ. ಬೆಳಿಗ್ಗೆ ಪ್ರಭಾತಫೇರಿ, ಆಮೇಲೆ ಕೈ ಮುಂದೆ ಚಾಚಿ ಪ್ರತಿಜ್ಞೆ, ಆಮೇಲೆ ಒಂದು ತಾಸು ಭಾಷಣ. ಭಾಷಣಕ್ಕೆ ನನ್ನನ್ನೂ ಕರೆಯುತ್ತಾರೆ, ಹೋಗುತ್ತೇನೆ. ಮುಗಿದ ಮೇಲೆ ಶಾಲು ಹೊದಿಸುತ್ತಾರೆ, ಉಪ್ಪಿಟ್ಟು ಚಹಾ ಆಗುತ್ತದೆ, ಹೊರಗೆ ಬಂದರೆ ಈಗಷ್ಟೇ ಪ್ರತಿಜ್ಞೆ ಮಾಡಿದ ನಾಲ್ಕು ಹುಡುಗರು ಪಾನ್ ಅಂಗಡಿ ಮುಂದೆ ನಿಂತಿರುತ್ತಾರೆ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು ಅಂತ 2003ರ ಕಾನೂನೇ ಇದೆ, ಅದು ಬೇರೆ ಮಾತು ಬಿಡಿ.

ಅಪ್ಪಗಳು, ಅಂದರೆ ಆ ಶಿವಯೋಗಿಗಳು, ಮಾಡಿದ್ದು ಭಾಷಣವಷ್ಟೇ ಅಲ್ಲ. ಜೋಳಿಗೆ ಹಿಡಿದು ಓಣಿ ಓಣಿಗೆ ಹೋದರು, ಮನೆ ಬಾಗಿಲಿಗೆ ಹೋಗಿ ನಿಮ್ಮ ಚಟವನ್ನು ಇದರಲ್ಲಿ ಹಾಕಿ ಅಂತ ಬೇಡಿದರು. ಎದುರಿಗೆ ನಿಂತ ಮನುಷ್ಯನನ್ನು ನೋಡಿ ಕೇಳಿದರು. ಮಹಾಂತ ಜೋಳಿಗೆ ಅಂದರೆ ಅದು. ನಾವು ಅದರಿಂದ ಮೈಕನ್ನು ಮಾತ್ರ ಇಟ್ಟುಕೊಂಡು ಬಾಗಿಲಿಗೆ ಹೋಗುವುದನ್ನು ಬಿಟ್ಟುಬಿಟ್ಟೆವು.

ಮೈಕಿನ ದಾರಿಯನ್ನು ಅಮೆರಿಕದವರು ನಮಗಿಂತ ದೊಡ್ಡದಾಗಿ ಮಾಡಿ ನೋಡಿದ್ದಾರೆ. 1983ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಡೇರ್ ಅನ್ನುವ ಕಾರ್ಯಕ್ರಮ ಶುರುವಾಯಿತು. ಯೂನಿಫಾರ್ಮ್ ಹಾಕಿದ ಪೊಲೀಸರೇ ಕ್ಲಾಸಿಗೆ ಬಂದು ಡ್ರಗ್ಸ್ ಬೇಡ ಅಂತ ಪಾಠ ಮಾಡುವುದು. ದೇಶದ ತುಂಬ ಹಬ್ಬಿತು, ಟೀ ಶರ್ಟು, ಸ್ಟಿಕ್ಕರು ಎಲ್ಲ ಬಂತು. ಆಮೇಲೆ ಕೂತು ಲೆಕ್ಕ ಹಾಕಿದರೆ, ಪಾಠ ಕೇಳಿದ ಮಕ್ಕಳು ಮತ್ತು ಕೇಳದ ಮಕ್ಕಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಒಂದಲ್ಲ, ಎಷ್ಟೋ ಅಧ್ಯಯನಗಳು ಇದನ್ನೇ ಹೇಳಿದವು.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ? ನೀವು ಇಲ್ಲಿ ಬಂದು ಕೂತಿರುವುದೇ ಅದಕ್ಕೆ. ಒಬ್ಬ ಹುಡುಗ ಅಥವಾ ಹುಡುಗಿ, ಒಬ್ಬ ದೊಡ್ಡವರು. ಅಪ್ಪ ಅಮ್ಮ ಅಲ್ಲ, ಮೇಷ್ಟ್ರಲ್ಲ, ಪೊಲೀಸರಂತೂ ಅಲ್ಲವೇ ಅಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಬಂದು ಜೊತೆಗೆ ಕೂತು ಹೋಗುವ ಅಣ್ಣ, ಅಕ್ಕ. ನ್ಯೂಯಾರ್ಕಿನಲ್ಲಿ 1904ರಲ್ಲೇ ಅರ್ನೆಸ್ಟ್ ಕೌಲ್ಟರ್ ಅನ್ನುವ ಕೋರ್ಟ್ ಗುಮಾಸ್ತ ಇದನ್ನು ಶುರು ಮಾಡಿದ. ಕಟಕಟೆಗೆ ಬರುವ ಹುಡುಗರನ್ನು ನೋಡಿ ನೋಡಿ ಸಾಕಾಗಿ, ಊರಿನ ಗಂಡಸರನ್ನು ಕರೆದು ಒಬ್ಬೊಬ್ಬರು ಒಬ್ಬೊಬ್ಬ ಹುಡುಗನ ಜೊತೆ ಸ್ನೇಹ ಮಾಡಿ ಅಂದ. ಅದೇ ಮುಂದೆ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಅನ್ನುವ ಸಂಸ್ಥೆಯಾಯಿತು.

ಈ ಸಂಸ್ಥೆಯ ಕೆಲಸವನ್ನು 1990ರ ದಶಕದಲ್ಲಿ ಗಟ್ಟಿಯಾಗಿ ಪರೀಕ್ಷೆ ಮಾಡಿದರು. ವರದಿ 1995ರದ್ದು. 10ರಿಂದ 16 ವರ್ಷದ 959 ಮಕ್ಕಳು. ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು, ಅರ್ಧ ಮಕ್ಕಳಿಗೆ ಕೂಡಲೇ ಮೆಂಟರ್, ಅಂದರೆ ಇಂಥ ಒಬ್ಬ ಅಣ್ಣನನ್ನೋ ಅಕ್ಕನನ್ನೋ, ಹುಡುಕಿಕೊಟ್ಟರು, ಉಳಿದವರು ಹದಿನೆಂಟು ತಿಂಗಳು ಕಾಯಬೇಕು. ಚೀಟಿ ಎತ್ತುವುದು ಯಾಕೆ ಮುಖ್ಯ ಅಂದರೆ, ಇಲ್ಲದಿದ್ದರೆ ಒಳ್ಳೆ ಹುಡುಗರೇ ಮೆಂಟರ್ ಕೇಳಿಕೊಂಡು ಬರುತ್ತಾರೆ, ಆಮೇಲೆ ನೋಡಿ ನಮ್ಮಿಂದ ಒಳ್ಳೆಯವರಾದರು ಅಂತ ನಾವು ಮೀಸೆ ತಿರುವುತ್ತೇವೆ. ಹದಿನೆಂಟು ತಿಂಗಳಾದ ಮೇಲೆ ನೋಡಿದರೆ, ಮೆಂಟರ್ ಸಿಕ್ಕ ಮಕ್ಕಳು ಡ್ರಗ್ಸ್ ಶುರು ಮಾಡುವ ಸಾಧ್ಯತೆ ಶೇ 46ರಷ್ಟು ಕಡಿಮೆ, ಕುಡಿಯಲು ಶುರು ಮಾಡುವ ಸಾಧ್ಯತೆ ಶೇ 27ರಷ್ಟು ಕಡಿಮೆ. ಇಡೀ ದಿನ ಶಾಲೆಗೆ ಚಕ್ಕರ್ ಹೊಡೆಯುವುದೂ ಸುಮಾರು ಅರ್ಧಕ್ಕೆ ಇಳಿದಿತ್ತು.

ತಮಾಷೆ ಏನಂದರೆ, ಆ ಅಣ್ಣ ಅಕ್ಕಂದಿರಿಗೆ ಡ್ರಗ್ಸ್ ಬಗ್ಗೆ ಪಾಠ ಮಾಡಿ ಅಂತ ಯಾರೂ ಹೇಳಿರಲಿಲ್ಲ. ಸುಮ್ನೆ ಜೊತೆಗೆ ಇದ್ದರು. ಆಟ, ಊಟ, ಸಿನಿಮಾ, ಹರಟೆ. ಹೆಚ್ಚಿನ ಜೋಡಿಗಳು ತಿಂಗಳಿಗೆ ಮೂರು ಸಲ, ಸಲಕ್ಕೆ ಮೂರು ನಾಲ್ಕು ತಾಸು ಭೇಟಿಯಾಗುತ್ತಿದ್ದವು.

ಶೇ 46 ಕೇಳಿ ಚಪ್ಪಾಳೆ ಹೊಡೆಯಬೇಡಿ. ಒಳಗಿನ ಲೆಕ್ಕ ನೋಡೋಣ. ಕಾಯುತ್ತಿದ್ದ ನೂರು ಮಕ್ಕಳಲ್ಲಿ ಡ್ರಗ್ಸ್ ಶುರು ಮಾಡಿದವರು ಸುಮಾರು 11. ಮೆಂಟರ್ ಇದ್ದ ನೂರರಲ್ಲಿ ಸುಮಾರು 6. ಅಂದರೆ ನೂರು ಮಕ್ಕಳಿಗೆ ಮೆಂಟರ್ ಕೊಟ್ಟರೆ ಒಂದೂವರೆ ವರ್ಷದಲ್ಲಿ ಐದು ಮಕ್ಕಳು ಹೆಚ್ಚಾಗಿ ಉಳಿದರು. ನನ್ನ ಪ್ರಕಾರ ಐದು ದೊಡ್ಡದೇ. ಆ ಐದರಲ್ಲಿ ನಿಮ್ಮ ತಮ್ಮ ಇದ್ದರೆ ಇನ್ನೂ ದೊಡ್ಡದು. ಆದರೆ ನಾನು ಕೈ ಹಿಡಿದವರೆಲ್ಲ ಉದ್ಧಾರ ಆಗುತ್ತಾರೆ ಅಂತ ಯಾರಾದರೂ ಅಂದುಕೊಂಡು ಬಂದಿದ್ದರೆ, ಈಗಲೇ ಆ ಆಸೆಯನ್ನು ಸ್ವಲ್ಪ ಕೆಳಗಿಳಿಸಿಕೊಳ್ಳಿ. ಮದ್ಯ ಮತ್ತು ಡ್ರಗ್ಸ್ ವಿಷಯದಲ್ಲಿ ಮೆಂಟರಿಂಗ್ ಬಗ್ಗೆ 2011ರಲ್ಲಿ, ಆರೋಗ್ಯದ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು ಎಲ್ಲ ಅಧ್ಯಯನಗಳನ್ನು ಜಾಲಾಡಿದಾಗ, ಲೆಕ್ಕಕ್ಕೆ ತೆಗೆದುಕೊಳ್ಳಬಹುದಾದ ಪ್ರಯೋಗಗಳು ಸಿಕ್ಕಿದ್ದು ನಾಲ್ಕೇ ನಾಲ್ಕು. ಕುಡಿತ ಕಡಿಮೆಯಾಗಿದ್ದು ಕಂಡಿತು, ಡ್ರಗ್ಸ್ ವಿಷಯದಲ್ಲಿ ಪುರಾವೆ ಇನ್ನೂ ತೆಳು.

ಇನ್ನೊಂದು ಸಂಗತಿ ಇದೆ, ಇದನ್ನು ನಮ್ಮ ಎನ್‌ಎಸ್‌ಎಸ್ ಗೆಳೆಯರು ಕಿವಿಗೊಟ್ಟು ಕೇಳಬೇಕು. ಅದೇ ಸಂಸ್ಥೆ ಆಮೇಲೆ ಶಾಲೆಯೊಳಗೇ ಮೆಂಟರಿಂಗ್ ಶುರು ಮಾಡಿತು. ವಾರಕ್ಕೊಂದು ಪೀರಿಯಡ್, ಶಾಲಾ ವರ್ಷ ಮುಗಿದರೆ ಮುಗಿಯಿತು. ಅದನ್ನು ಪರೀಕ್ಷಿಸಿದ 2007ರ ವರದಿ ಪ್ರಕಾರ ಓದಿನಲ್ಲಿ ಸ್ವಲ್ಪ ಸುಧಾರಣೆ ಕಂಡಿತು, ಮುಂದಿನ ವರ್ಷದ ಹೊತ್ತಿಗೆ ಅದರಲ್ಲಿ ಹೆಚ್ಚಿನದು ಕರಗಿಹೋಯಿತು, ಕುಡಿತ ಡ್ರಗ್ಸ್ ವಿಷಯದಲ್ಲಿ ಏನೂ ವ್ಯತ್ಯಾಸ ಇಲ್ಲ. ಸಂಸ್ಥೆ ಅದೇ, ಮನಸ್ಸೂ ಅದೇ, ಕೊಟ್ಟ ಸಮಯ ಮಾತ್ರ ಕಡಿಮೆ.

ಸಮಯದ ವಿಷಯವನ್ನೇ ಹಿಡಿದು ಗ್ರಾಸ್‌ಮನ್ ಮತ್ತು ರೋಡ್ಸ್ ಅನ್ನುವ ಇಬ್ಬರು ಆ ಹಳೇ 959 ಮಕ್ಕಳ ಲೆಕ್ಕವನ್ನು ಮತ್ತೆ ತೆಗೆದು ನೋಡಿದರು, 2002ರಲ್ಲಿ. ಒಂದು ವರ್ಷ ಅಥವಾ ಜಾಸ್ತಿ ನಡೆದ ಜೋಡಿಗಳಲ್ಲಿ ಲಾಭ ಚೆನ್ನಾಗಿ ಕಂಡಿತು. ಬೇಗ ಮುರಿದುಬಿದ್ದಷ್ಟೂ ಲಾಭ ಕಡಿಮೆ. ಮೂರು ತಿಂಗಳೊಳಗೆ ಮೆಂಟರ್ ಕೈಬಿಟ್ಟ ಮಕ್ಕಳಿಗೆ ತಮ್ಮ ಬಗ್ಗೆ ಇದ್ದ ಗೌರವವೇ ಕುಸಿದಿತ್ತು. ಯೋಚನೆ ಮಾಡಿ. ಅಪ್ಪ ಬಿಟ್ಟುಹೋದ ಹುಡುಗ, ದುಡಿಯಲು ಗೋವೆಗೋ ಮಂಗಳೂರಿಗೋ ಹೋದ ಅವ್ವ, ಅಜ್ಜಿ ಮನೆಯಲ್ಲಿ ಬೆಳೆಯುತ್ತಿರುವವನು. ಅವನ ಹತ್ತಿರ ಹೋಗಿ "ನಾನಿದ್ದೇನೆ" ಅಂದು, ಎರಡು ತಿಂಗಳಾದ ಮೇಲೆ ಪರೀಕ್ಷೆ ಬಂತು ಅಂತ ಮಾಯವಾದರೆ ಅವನಿಗೆ ಏನನ್ನಿಸಬೇಡ? ನನ್ನಲ್ಲೇ ಏನೋ ಐಬು ಇದೆ ಅಂತಲೇ ಅಲ್ವಾ? ಆದ್ದರಿಂದ ನಿಮಗೆ ನಾನು ಕೇಳುವ ಪ್ರಶ್ನೆ ಒಂದೇ. ಒಂದು ವರ್ಷ ಇರ್ತೀರಾ? ಇರಲು ಆಗದವರು ಬೇರೆ ಸೇವೆ ಮಾಡಿ, ಗಿಡ ಹಚ್ಚಿ, ರಕ್ತ ಕೊಡಿ. ಇದನ್ನು ಮಾತ್ರ ಶುರು ಮಾಡಬೇಡಿ.

ಹಾಗಂತ ಇದ್ದರೆ ಸಾಕು ಅಂತಲೂ ಅಲ್ಲ. ಇಲ್ಲಿ ನಿಮಗೊಂದು ಕಹಿ ಕಥೆ ಹೇಳಲೇಬೇಕು. ಅಮೆರಿಕದ ಬಾಸ್ಟನ್ ಹತ್ತಿರ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಅಂತ ಅಕ್ಕಪಕ್ಕದ ಊರುಗಳು. 1939ರಲ್ಲಿ ರಿಚರ್ಡ್ ಕ್ಯಾಬಟ್ ಅನ್ನುವ ಡಾಕ್ಟರ್ ಹಣ ಹಾಕಿ ಅಲ್ಲಿನ 506 ಹುಡುಗರ ಮೇಲೆ ಪ್ರಯೋಗ ಶುರು ಮಾಡಿಸಿದರು. ಒಂದೇ ಥರದ ಇಬ್ಬಿಬ್ಬರನ್ನು ಜೋಡಿ ಮಾಡಿ, ನಾಣ್ಯ ಚಿಮ್ಮಿ, ಒಬ್ಬನಿಗೆ ಸಲಹೆಗಾರ, ಇನ್ನೊಬ್ಬನಿಗೆ ಏನೂ ಇಲ್ಲ. ಸಲಹೆಗಾರರು ಮನೆಗೆ ಬರುತ್ತಿದ್ದರು, ಪಾಠ ಹೇಳಿಕೊಡುತ್ತಿದ್ದರು, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು, ಬೇಸಿಗೆ ಶಿಬಿರಕ್ಕೆ ಕಳಿಸುತ್ತಿದ್ದರು. ಸರಾಸರಿ ಐದು ವರ್ಷ! ಮೂವತ್ತು ವರ್ಷದ ಮೇಲೆ ಜೋನ್ ಮೆಕಾರ್ಡ್ ಅನ್ನುವ ಸಂಶೋಧಕಿ ಆ ಹುಡುಗರನ್ನು ಹುಡುಕಿಕೊಂಡು ಹೋದರು. ಎಷ್ಟೋ ಜನ, ಆ ಸಲಹೆಗಾರರಿಂದ ನಮಗೆ ಒಳ್ಳೆಯದಾಯಿತು ಅಂತ ಪ್ರೀತಿಯಿಂದ ನೆನೆಸಿಕೊಂಡರು. ಆದರೆ ದಾಖಲೆ ಬೇರೆ ಹೇಳುತ್ತಿತ್ತು. ಸಹಾಯ ಸಿಕ್ಕವರಲ್ಲೇ ಕುಡಿತದ ಚಟದ ಲಕ್ಷಣ ಜಾಸ್ತಿ, ಅವರೇ ಬೇಗ ಸತ್ತಿದ್ದರು, ಒಂದಕ್ಕಿಂತ ಹೆಚ್ಚು ಅಪರಾಧ ಮಾಡಿದವರೂ ಅವರಲ್ಲೇ ಜಾಸ್ತಿ. ಈ ಫಲಿತಾಂಶ 1978ರಲ್ಲಿ ಅಚ್ಚಾಯಿತು.

ಯಾಕೆ ಹೀಗಾಯಿತು? ಮೆಕಾರ್ಡ್ ಆಮೇಲೆ ಕಂಡುಕೊಂಡ ಒಂದು ಸುಳಿವು ಬೇಸಿಗೆ ಶಿಬಿರ. ಒಂದಕ್ಕಿಂತ ಹೆಚ್ಚು ಸಲ ಶಿಬಿರಕ್ಕೆ ಹೋದ ಹುಡುಗರ ಗತಿ ಎಲ್ಲಕ್ಕಿಂತ ಕೆಟ್ಟದಾಗಿತ್ತು. ದಾರಿ ತಪ್ಪುವ ಹಂತದಲ್ಲಿರುವ ಹುಡುಗರನ್ನೇ ಒಂದು ಕಡೆ ಗುಂಪು ಹಾಕಿದರೆ ಅವರು ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುತ್ತಾರೆ ಅಂತ ಹಾಸ್ಟೆಲಿನಲ್ಲಿ ಇದ್ದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. "ನಾ ಏನ್ ಮಾಡಿದ್ನಿ ಗೊತ್ತೇನಲೇ" ಅಂತ ಶುರುವಾದರೆ ಮುಗಿಯಿತು, ಯಾರು ಜಾಸ್ತಿ ಕೆಟ್ಟವನೋ ಅವನೇ ಹೀರೋ. ಹಾಗಾಗಿ ನಮ್ಮಲ್ಲಿ ವ್ಯಸನಮುಕ್ತಿ ಶಿಬಿರ ಅಂತ ಗುಟಕಾ ತಿನ್ನುವ ಮೂವತ್ತು ಹುಡುಗರನ್ನು ಒಂದೇ ಹಾಲಿನಲ್ಲಿ ಎರಡು ದಿನ ಮಲಗಿಸುವ ಐಡಿಯಾ ಯಾರಾದರೂ ತಂದರೆ, ದಯವಿಟ್ಟು ಬೇಡ ಅನ್ನಿ.

ಇದಕ್ಕೆ ಒಬ್ಬರು, ನಮ್ಮ ತಾಲೀಮಿನಲ್ಲೂ ಹುಡುಗರ ಗುಂಪೇ ಇರುತ್ತದಲ್ಲ ಅಂತ ಕೇಳಿದರು. ಒಳ್ಳೆ ಪ್ರಶ್ನೆ. ಗರಡಿಮನೆಯಲ್ಲಿ ಗುಂಪಿನ ನಡುವೆ ವಸ್ತಾದ, ಅಂದರೆ ಕುಸ್ತಿ ಕಲಿಸುವ ಗುರು, ನಿಂತಿರುತ್ತಾನೆ. ಬೆಳಗಿನ ಜಾವ ಐದಕ್ಕೆ ಬರಬೇಕು, ಮಟ್ಟಿ ಹದ ಮಾಡಬೇಕು, ಸಾಮು ತೆಗೆಯಬೇಕು. ರಾತ್ರಿ ಕುಡಿದು ಬಂದವನಿಗೆ ಇನ್ನೂರು ದಂಡ ಹೊಡೆಯುವಾಗಲೇ ವಾಂತಿ ಬರುತ್ತದೆ, ಬೇರೆ ಶಿಕ್ಷೆ ಬೇಡ. ವಸ್ತಾದ ಹುಡುಗನ ಮನೆಗೆ ಗೊತ್ತು, ಹುಡುಗನ ಅಪ್ಪನಿಗೂ ಅವನೇ ಪಟ್ಟು ಕಲಿಸಿರುತ್ತಾನೆ, ಹತ್ತು ವರ್ಷ ಕಳೆದರೂ ಅಲ್ಲೇ ಇರುತ್ತಾನೆ. ಅಲ್ಲಿ ಹೀರೋ ಆಗುವವನು ಜಾತ್ರೆ ಕುಸ್ತಿ ಗೆದ್ದವನು. ಅಮೆರಿಕದವರು ಚೀಟಿ ಎತ್ತಿ ಕಂಡುಕೊಂಡದ್ದರಲ್ಲಿ ಅರ್ಧ ನಮ್ಮ ತಾಲೀಮಿನ ಗೋಡೆಯೊಳಗೆ ಮೊದಲೇ ಇತ್ತು ಅಂತ ನನಗನ್ನಿಸುತ್ತದೆ. ಆದರೆ ಎಲ್ಲ ಹುಡುಗರೂ ಕುಸ್ತಿ ಆಡುವುದಿಲ್ಲ, ಹುಡುಗಿಯರಿಗೆ ಅಲ್ಲಿ ಜಾಗವೂ ಕಡಿಮೆ, ತಾಲೀಮುಗಳೂ ಒಂದೊಂದಾಗಿ ಬಾಗಿಲು ಹಾಕುತ್ತಿವೆ.

ಈಗ ನಮ್ಮ ಹುಡುಗರು ಶುರು ಮಾಡುವುದು ಎಲ್ಲಿ ಅಂತ ನೋಡೋಣ. ಬಾಗಲಕೋಟೆಯ ಹೋಳಿ ನಿಮಗೆ ಗೊತ್ತು, ಹಲಗೆ ಸದ್ದು, ಬಣ್ಣದ ಬಂಡಿ. ಆ ದಿನಗಳಲ್ಲಿ ಮೊದಲ ಬಿಯರ್ ಕುಡಿದೆ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಗುಟಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ಬಂದ್ ಆಯಿತು, ಅಂಗಡಿಯಲ್ಲಿ ಈಗ ಪಾನ್ ಮಸಾಲೆಯದ್ದೊಂದು ಚೀಟಿ, ತಂಬಾಕಿನದ್ದೊಂದು ಚೀಟಿ ಕೊಡುತ್ತಾರೆ, ಹುಡುಗ ಬಾಯಲ್ಲಿ ಕೂಡಿಸಿಕೊಳ್ಳುತ್ತಾನೆ. ಅಡಿಕೆ, ತಂಬಾಕು, ಸುಣ್ಣ ತಿಕ್ಕಿ ಮಾಡುವ ಮಾವಾ ಬೇರೆ ಇದೆ. ಅತ್ತ ನಿಪ್ಪಾಣಿ ಕಡೆ ಹೋದರೆ ಮನೆಯಲ್ಲೇ ಬೀಡಿ ಸುತ್ತುವುದು, ಮಕ್ಕಳು ತಂಬಾಕಿನ ಘಾಟಿನಲ್ಲೇ ಬೆಳೆಯುತ್ತಾರೆ, ಸುಟ್ಟ ತಂಬಾಕಿನ ಪುಡಿಯಲ್ಲಿ ಹಲ್ಲುಜ್ಜುವ ಹೆಣ್ಣುಮಕ್ಕಳಿಗೆ ಅದು ಚಟ ಅಂತಲೇ ಅನ್ನಿಸುವುದಿಲ್ಲ. ಪೇಟೆಯಲ್ಲಿ ಚಿಂದಿ ಆಯುವ ಸಣ್ಣ ಹುಡುಗರು ಪಂಕ್ಚರ್ ಸೊಲ್ಯೂಷನ್ ಮೂಸುತ್ತಾರೆ. 2019ರಲ್ಲಿ ಬಂದ ಕೇಂದ್ರ ಸರ್ಕಾರದ ಸರ್ವೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಕಂಡ ನಶೆ ಅದೊಂದೇ, ಈ ಮೂಸುವುದು. ದೊಡ್ಡವರಲ್ಲಿ ಶೇ 0.58, ಮಕ್ಕಳಲ್ಲಿ ಶೇ 1.17.

ಇನ್ನೊಂದು ಜಾಗ ಇದೆ, ಅದನ್ನು ಯಾವ ಸರ್ವೆಯೂ ಬರೆಯುವುದಿಲ್ಲ. ಸಕ್ಕರೆ ಕಾರ್ಖಾನೆಯ ಯಾರ್ಡು. ಕಬ್ಬಿನ ಸೀಸನ್ನಿನಲ್ಲಿ ಮುಧೋಳ, ಜಮಖಂಡಿ ಕಡೆ ರಾತ್ರಿ ಹೋಗಿ ನೋಡಿ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿರುತ್ತವೆ, ತೂಕದ ಪಾಳಿ ಬರುವುದು ಬೆಳಗಿನ ಜಾವವೋ ಮರುದಿನವೋ. ಸ್ಟೇರಿಂಗ್ ಹಿಂದೆ ಕೂತವನಿಗೆ ಮೀಸೆ ಸರಿಯಾಗಿ ಬಂದಿರುವುದಿಲ್ಲ. ಡಿಸೆಂಬರ್ ಚಳಿ, ಕಿವಿ ಹರಿಯುವ ಡೆಕ್ಕಿನ ಹಾಡು, ಮಾಡಲು ಏನೂ ಕೆಲಸ ಇಲ್ಲ. ಪಕ್ಕದ ಟ್ರ್ಯಾಕ್ಟರಿನ ಕಾಕಾ ನೈಂಟಿ ಪ್ಯಾಕೆಟ್ ಹರಿದು, ಪ್ಲಾಸ್ಟಿಕ್ ಗ್ಲಾಸಿಗೆ ಸ್ವಲ್ಪ ಹಾಕಿ, "ಥಂಡಿ ಭಾಳ ಐತಿ, ತಗೋ ತಮ್ಮಾ" ಅನ್ನುತ್ತಾನೆ. ಅವನು ಕೆಟ್ಟವನಲ್ಲ. ಪ್ರೀತಿಯಿಂದಲೇ ಕೊಡುತ್ತಾನೆ. ಪ್ರೀತಿಯಿಂದ ಕೊಟ್ಟಿದ್ದನ್ನು ಹದಿನೇಳರ ಹುಡುಗ ಬೇಡ ಅನ್ನುವುದು ಹೇಗೆ?

ಇಂಥ ಒಬ್ಬ ಹುಡುಗನಿಗೆ ನಮ್ಮ ಸ್ವಯಂಸೇವಕನೊಬ್ಬ ಅಣ್ಣನಾಗಿದ್ದ. ಬ್ಯಾಂಕಿನಲ್ಲಿ ಕೆಲಸ, ಕಬ್ಬಿನ ಗಂಧಗಾಳಿ ಇಲ್ಲ. ಸೀಸನ್ನಿನಲ್ಲಿ ಭೇಟಿಯಾಗಲು ಆಗುವುದಿಲ್ಲ ಅಂತ ರಾತ್ರಿ ಹತ್ತಕ್ಕೆ ಫೋನ್ ಮಾಡುತ್ತಿದ್ದ. ಎಷ್ಟನೇ ಪಾಳಿ, ಊಟ ಆಯ್ತಾ, ಹೊಸ ಹಾಡು ಯಾವುದು, ಅಷ್ಟೇ. ಕುಡಿಯಬೇಡ ಅನ್ನುವ ಮಾತೇ ಇಲ್ಲ. ನಾನು ಆ ಹುಡುಗನನ್ನು, ಫೋನಿನಿಂದ ನಿನಗೇನಪ್ಪಾ ಉಪಯೋಗ ಆಯಿತು ಅಂತ ಕೇಳಿದೆ. "ಹತ್ತಕ್ಕ ಅಣ್ಣಾರ ಫೋನ್ ಬರ್ತೈತಿ ಅಂತ ಗೊತ್ತಿರ್ತೈತ್ರಿ. ಕುಡದು ಮಾತಾಡಿದ್ರ ಅವ್ರಿಗೆ ಗೊತ್ತಾಗ್ತೈತಿ" ಅಂದ. ಮತ್ತೆ ಹತ್ತರ ಮೇಲೆ? "ಅಷ್ಟೊತ್ತಿಗೆ ಕಾಕಾಂದು ಮುಗದಿರ್ತೈತ್ರಿ" ಅಂತ ನಕ್ಕ. ಒಬ್ಬ ಹುಡುಗನ ಮಾತು ಪುರಾವೆ ಅಲ್ಲ, ಅದಕ್ಕೇ ಮೊದಲು ಅಷ್ಟೊಂದು ಅಂಕಿ ಹೇಳಿದ್ದು. ಆದರೆ ಅಂಕಿಯ ಒಳಗೆ ಏನು ನಡೆಯುತ್ತಿರಬಹುದು ಅನ್ನುವುದು ಇಂಥ ಮಾತಿನಲ್ಲಿ ಕಾಣುತ್ತದೆ.

ಉಪದೇಶ ಮಾಡುವ ಚಟ ನಮ್ಮಲ್ಲಿ ಗುಟಕಾಕ್ಕಿಂತ ಜಾಸ್ತಿ. ಬಿಗ್ ಬ್ರದರ್ಸ್ ಜೋಡಿಗಳಲ್ಲೇ 82ನ್ನು ಹತ್ತಿರದಿಂದ ನೋಡಿದ ಇನ್ನೊಂದು ಅಧ್ಯಯನ 1995ರಲ್ಲಿ ಬಂತು. ಹುಡುಗನನ್ನು ತಿದ್ದಬೇಕು ಅಂತ ಗುರಿ ಹಾಕಿಕೊಂಡು ಹೋದವರ ಜೋಡಿಗಳು ಬಹುಪಾಲು ಮುರಿದುಬಿದ್ದವು. ಹುಡುಗನಿಗೆ ಏನು ಇಷ್ಟ ಅಂತ ನೋಡಿಕೊಂಡು, ಸ್ನೇಹ ಗಟ್ಟಿಯಾಗಲಿ ಅಂತ ತಡೆದು ಕೂತವರ ಜೋಡಿಗಳು ಬಹುಪಾಲು ಉಳಿದವು. ಆದ್ದರಿಂದ ಮೊದಲ ಎರಡು ಮೂರು ತಿಂಗಳು ಚಟದ ಸುದ್ದಿ ನೀವಾಗಿ ತೆಗೆಯಬೇಡಿ. ಕ್ರಿಕೆಟ್ ಆಡಿ, ಬೈಕ್ ರಿಪೇರಿ ನೋಡಿ, ಅವನ ಕುರಿ ತೋರಿಸಲು ಕರೆದರೆ ಹೋಗಿ ನೋಡಿ ಬನ್ನಿ. ಅವನೇ ಒಂದು ದಿನ ಕೇಳುತ್ತಾನೆ, "ಅಣ್ಣಾರ, ನೀವು ಕುಡೀತೀರೇನ್ರಿ?" ಆಗ ಖರೇ ಹೇಳಿ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮುಗಿಯಿತು.

ಡಾಕ್ಟರು, ಸೈಕಾಲಜಿ ಓದಿದವರು ಮಾಡುವ ಕೆಲಸ ನಮ್ಮಿಂದ ಆಗುತ್ತದಾ ಅಂತ ಹಿಂಜರಿಯುವವರಿಗೆ ಒಂದು ಮಾತು. ಬೆಳಗಾವಿ ದಾಟಿದರೆ ಗೋವಾ. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯಕೀಯ ಓದದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಅತಿಯಾಗಿ ಕುಡಿಯುವ ಗಂಡಸರ ಜೊತೆ ಕೆಲವು ಸಲ ಕೂತು ಮಾತಾಡಿಸಿದರು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ನೋಡಿ: ಮೂರು ತಿಂಗಳಿಗೆ ಹಾನಿಕರ ಕುಡಿತದಿಂದ ಹೊರಬಂದವರು ಶೇ 36, ಈ ಮಾತುಕತೆ ಸಿಗದವರಲ್ಲಿ ಶೇ 26. ಅದು ದೊಡ್ಡವರ ವಿಷಯ, ಮೆಂಟರಿಂಗೂ ಅಲ್ಲ, ಒಪ್ಪುತ್ತೇನೆ. ಆದರೆ ಸರಿಯಾಗಿ ಕಲಿಸಿದರೆ ನಮ್ಮಂಥವರಿಂದಲೂ ಆಗುತ್ತದೆ ಅನ್ನುವುದಕ್ಕೆ ಪಕ್ಕದ ಮನೆಯ ಸಾಕ್ಷಿ.

ಆಗದ್ದು ಯಾವುದು ಅಂತಲೂ ತಿಳಿದಿರಲಿ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವ ಹುಡುಗ, ದಿನಾ ಸೊಲ್ಯೂಷನ್ ಮೂಸುವ ಹುಡುಗ, ಇವರಿಗೆ ಅಣ್ಣ ಸಾಲುವುದಿಲ್ಲ, ಡಾಕ್ಟರ್ ಬೇಕು. ತುಂಬ ಕುಡಿಯುವವನಿಗೆ "ಇವತ್ತಿಂದ ಒಮ್ಮೆಲೇ ಬಿಟ್ಟುಬಿಡು" ಅಂತ ಆಣೆ ಹಾಕಿಸಬೇಡಿ, ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ, ನೀವೇ ಜೊತೆಗೆ ಹೋಗಿ. 14446ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ.

ಇನ್ನು ಎಲ್ಲರಿಗೂ ಬೇಸರ ತರುವ ನಿಯಮಗಳು. ನಿಮ್ಮೆಲ್ಲರ ಪೊಲೀಸ್ ವೆರಿಫಿಕೇಶನ್ ಆಗುತ್ತದೆ. ಹುಡುಗರಿಗೆ ಗಂಡಸರು, ಹುಡುಗಿಯರಿಗೆ ಹೆಂಗಸರು. ಭೇಟಿ ನಾಲ್ಕು ಜನ ಓಡಾಡುವ ಜಾಗದಲ್ಲಿ, ಮನೆಯವರಿಗೆ ಹೇಳಿ. ನಮ್ಮನ್ನು ಅನುಮಾನಿಸುತ್ತೀರಾ ಅಂತ ಒಬ್ಬರು ಮುಖ ಸಣ್ಣ ಮಾಡಿದರು. ಹೌದು, ಎಲ್ಲರನ್ನೂ ಅನುಮಾನಿಸುತ್ತೇವೆ, ನನ್ನನ್ನೂ ಸೇರಿಸಿ. ಮಕ್ಕಳ ವಿಷಯದಲ್ಲಿ ಅದೇ ಸರಿ.

ಹಣದ ಬಗ್ಗೆ ಕೇಳಿದರು. ಹುಡುಗನಿಗೆ ದುಡ್ಡು ಕೊಡಬೇಡಿ, ಸಾಲವನ್ನೂ ಕೊಡಬೇಡಿ. ಮಿರ್ಚಿ ಚಹಾ ಕೊಡಿಸಿ, ಸಾಕು.

ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ತಂಗಿ ಕೇಳಿದ ಪ್ರಶ್ನೆ. "ಸರ್, ವರ್ಷ ಇರ್ತೀನಿ ಅಂತ ಮಾತು ಕೊಟ್ಟು, ನಡುವೆ ಬೆಂಗಳೂರಾಗ ಕೆಲಸ ಸಿಕ್ಕರ?" ಸಿಕ್ಕರೆ ಹೋಗಿ, ಬೇಡ ಅನ್ನಲು ನಾನ್ಯಾರು. ಆದರೆ ಆರ್ಡರ್ ಬಂದ ದಿನವೇ ಹುಡುಗಿಗೆ ಹೇಳಿ, ಬಸ್ ಹತ್ತುವ ಹಿಂದಿನ ದಿನ ಬೇಡ. ನಿಮ್ಮ ಜಾಗಕ್ಕೆ ಬರುವವರನ್ನು ನೀವೇ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ, ಮೂವರೂ ಕೂತು ಒಂದೆರಡು ಸಲ ಹರಟೆ ಹೊಡೆಯಿರಿ. ಬೆಂಗಳೂರಿಂದ ಫೋನ್ ಮಾಡುತ್ತೇನೆ ಅಂತ ಹೇಳಿದರೆ ಮಾಡಿ, ಆಗದು ಅನ್ನಿಸಿದರೆ ಹೇಳಲೇಬೇಡಿ. ದಸರಾಕ್ಕೆ ಊರಿಗೆ ಬಂದಾಗ ಅವಳ ಮನೆಗೆ ಹೋಗಿ ಬನ್ನಿ. ಫಾರ್ಮುಗಳು ಬಾಗಿಲ ಹತ್ತಿರದ ಟೇಬಲ್ ಮೇಲಿವೆ. ಇವತ್ತೇ ತುಂಬಬೇಡಿ, ಮನೆಗೆ ಒಯ್ದು ವಾರ ಬಿಟ್ಟು ತಂದುಕೊಡಿ.